ಕಬ್ಬಿನ ನಾಡಿನಲ್ಲಿ ‘ಕ’ ಅಕ್ಷರದ ಪಾನೀಯಗಳು

‘ಕ’ ಅಕ್ಷರದಿಂದ ಆರಂಭವಾಗುವ, ಅಮಲೇರಿಸದ ಪಾನೀಯಗಳ ಹೆಸರು ಹೇಳಿ ಎಂದರೆ ನೀವು ಎಷ್ಟು ಹೇಳಬಲ್ಲಿರಿ? ಕಾಫಿ, ಕಷಾಯ ಎನ್ನುವಲ್ಲಿಗೆ ಹೆಚ್ಚಿನವರ ಪಟ್ಟಿ ಮುಗಿಯುತ್ತದೆ. ಮಕ್ಕಳಾದರೆ ಕೋಲಾ ಸೇರಿಸಿಯಾರು. ಆದರೆ ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ತಾಲೂಕುಗಳನ್ನು ಒಮ್ಮೆ ಸುತ್ತಿ ಬನ್ನಿ. ಪಟ್ಟಿ ತಾನಾಗಿ ಬೆಳೆಯುತ್ತದೆ.

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಬರುವವರಿಗೆ ಮೊದಲು ಸಿಗುವುದು ನಿಪ್ಪಾಣಿ. ತಂಬಾಕು ಮತ್ತು ಬೀಡಿಗೆ ಹೆಸರಾದ ಊರು. ಇಲ್ಲಿಂದ ರಾಧಾನಗರಿ, ಫೋಂಡಾ ಘಾಟಿಯ ಮೂಲಕ ಕೊಂಕಣದ ದೇವಗಡಕ್ಕೆ ರಸ್ತೆಯಿದೆ. ಆದ್ದರಿಂದ ಇಲ್ಲಿನವರಿಗೆ ಕೋಕಂ ಶರಬತ್ತು ಹೊಸದಲ್ಲ. ಮಂಗಳೂರಿನ ಕಡೆಯ ಓದುಗರು ಇದನ್ನು ಪುನರ್ಪುಳಿ ಎಂದು ಬಲ್ಲರು. ಹಣ್ಣು ಒಂದೇ, ಘಟ್ಟ ಹತ್ತುವಾಗ ಹೆಸರು ಬದಲಾಗಿದೆ ಅಷ್ಟೆ.

ಆದರೆ ಈ ನಾಡಿನ ನಿಜವಾದ ‘ಕ’ ಎಂದರೆ ಕಬ್ಬಿನ ಹಾಲು. ಮರಾಠಿ ಪ್ರಭಾವದ ಈ ಕಡೆ ಅದನ್ನು ಮಾರುವ ಅಂಗಡಿಗೆ ‘ರಸವಂತಿ ಗೃಹ’ ಎನ್ನುತ್ತಾರೆ. ಗಾಣದ ಚಕ್ರಕ್ಕೆ ಗೆಜ್ಜೆ ಕಟ್ಟಿರುವುದುಂಟು. ಗಾಣ ತಿರುಗಿದಂತೆ ಅದು ಸದ್ದು ಮಾಡಿ ದಾರಿಹೋಕರನ್ನು ಕರೆಯುತ್ತದೆ. ಕಬ್ಬಿನ ಜಲ್ಲೆಯನ್ನು ಒಮ್ಮೆ ಹಿಂಡಿ, ಮಡಚಿ, ನಡುವೆ ಶುಂಠಿ ಮತ್ತು ಲಿಂಬೆಹಣ್ಣಿನ ಹೋಳು ಇಟ್ಟು ಮತ್ತೆ ಹಿಂಡುತ್ತಾರೆ. ಮಧುಮೇಹ ಇರುವವರು ದಯವಿಟ್ಟು ಗಮನಿಸಿ: ದೊಡ್ಡ ಗ್ಲಾಸಿನಲ್ಲಿ ಏಳೆಂಟು ಚಮಚದಷ್ಟು ಸಕ್ಕರೆ ಇರುತ್ತದೆ.

ಈಜಿಪ್ಟಿನ ಕೈರೋ ನಗರದಲ್ಲೂ ಬೀದಿ ಬೀದಿಯಲ್ಲಿ ಇಂಥ ಅಂಗಡಿಗಳಿವೆ. ಅಲ್ಲಿ ಕಬ್ಬಿಗೆ ‘ಕಸಬ್’ ಎನ್ನುತ್ತಾರೆ. ಬ್ರೆಝಿಲಿನಲ್ಲಿ ಕಬ್ಬಿನ ರಸದ ಹೆಸರು ‘ಕಾಲ್ಡೊ ದೆ ಕಾನಾ’. ಅರಬರು ಪರ್ಶಿಯಾದಿಂದ ಈಜಿಪ್ಟಿಗೂ ಸ್ಪೇನಿಗೂ ಕಬ್ಬಿನ ಬೇಸಾಯವನ್ನು ಕೊಂಡೊಯ್ದರು. ಅರಬಿಯ ‘ಸುಕ್ಕರ್’ ನಮ್ಮ ‘ಶರ್ಕರ’ದಿಂದಲೇ ಹೋದದ್ದು. ‘ಶರಬತ್ತು’ ಎಂಬ ಮಾತು ಮಾತ್ರ ಅರಬಿಯಿಂದ ನಮ್ಮತ್ತ ಬಂತು. ಕೊಡುಕೊಳ್ಳುವಿಕೆ ಸರಿಹೋಯಿತೆನ್ನಿ.

ಚಿಕ್ಕೋಡಿ ಚಹಾದ ಊರು. ಬಸ್ ನಿಲ್ದಾಣದ ಬಳಿ ಕಾಫಿ ಕೇಳಿದರೂ ನಿಮ್ಮ ಮುಂದೆ ಚಹಾ ಬರುವ ಸಂಭವವೇ ಹೆಚ್ಚು. ಅದರಲ್ಲೂ ‘ಖಡಕ್’ ಚಹಾ. ಆದರೆ ಅದು ‘ಖ’, ನಮ್ಮ ಪಟ್ಟಿಗೆ ಸಲ್ಲದು. ಕಾಫಿಯ ಮೂಲ ಹೆಸರು ‘ಕಹ್ವಾ’. ಹಳೆಯ ಅರಬಿಯಲ್ಲಿ ಈ ಪದ ಮದ್ಯಕ್ಕೂ ಸಲ್ಲುತ್ತಿತ್ತು ಎಂದರೆ ನಿಮಗೆ ಆಶ್ಚರ್ಯವಾದೀತು. 15ನೇ ಶತಮಾನದಲ್ಲಿ ಯಮನಿನ ಸೂಫಿಗಳು ರಾತ್ರಿಯ ಆರಾಧನೆಗೆ ಎಚ್ಚರವಾಗಿರಲು ಇದನ್ನು ಕುಡಿಯುತ್ತಿದ್ದರು. 1511ರಲ್ಲಿ ಮಕ್ಕಾದ ಅಧಿಕಾರಿ ಖೈರ್ ಬೇಗ್ ಇದನ್ನು ನಿಷೇಧಿಸಿದ. ನಿಷೇಧ ಹೆಚ್ಚು ಕಾಲ ಬಾಳಲಿಲ್ಲ. ಬುದ್ಧಿಯನ್ನು ಮಂಕಾಗಿಸುವುದಕ್ಕೂ ಎಚ್ಚರಿಸುವುದಕ್ಕೂ ವ್ಯತ್ಯಾಸವಿದೆ ಎಂಬುದು ವಿದ್ವಾಂಸರಿಗೆ ಮನದಟ್ಟಾಯಿತು. ಬಾಬಾ ಬುಡನ್ ಯಮನಿನಿಂದ ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದ ಕಥೆ ನಿಮಗೆ ಗೊತ್ತೇ ಇದೆ. ಕಾಶ್ಮೀರದ ‘ಕಹ್ವಾ’ದಲ್ಲಾದರೋ ಕಾಫಿಯೇ ಇಲ್ಲ. ಅದು ಕೇಸರಿ, ಏಲಕ್ಕಿ, ಬಾದಾಮಿ ಹಾಕಿದ ಹಸಿರು ಚಹಾ.

ಚಿಕ್ಕೋಡಿಯ ಸಂತೆಯಲ್ಲಿ ಪುಂಡಿಸೊಪ್ಪು ಕಂಡರೆ ಒಂದು ಕ್ಷಣ ನಿಲ್ಲಿ. ಜೋಳದ ರೊಟ್ಟಿಯ ಜೊತೆಗಿನ ಈ ಹುಳಿ ಸೊಪ್ಪಿನ ಬಳಗಕ್ಕೆ ಸೇರಿದ ಗಿಡವೊಂದರ ಕೆಂಪು ಪುಷ್ಪಪಾತ್ರೆಗಳನ್ನು ಒಣಗಿಸಿ ಈಜಿಪ್ಟ್, ಸುಡಾನ್‌ಗಳಲ್ಲಿ ‘ಕರ್ಕದೆ’ ಎಂಬ ಕೆಂಪು ಪಾನೀಯ ಮಾಡುತ್ತಾರೆ. ರಮಝಾನಿನಲ್ಲಿ ಅಲ್ಲಿ ಅದಿಲ್ಲದೆ ಇಫ್ತಾರ್ ಸಪ್ಪೆ. ನಮ್ಮಲ್ಲಿ ಸೊಪ್ಪು ಪಲ್ಲೆಯಾಯಿತು, ಅದರ ನಂಟ ಅಲ್ಲಿ ಶರಬತ್ತಾಯಿತು.

ರಾಯಬಾಗ ದಾಟಿ ಕುಡಚಿಗೆ ಬಂದು ಕೃಷ್ಣಾ ನದಿಯ ಸೇತುವೆ ದಾಟಿದರೆ ಕಾಗವಾಡ ತಾಲೂಕಿನ ಉಗಾರ. 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆ ಇಲ್ಲಿದೆ. ಹಂಗಾಮಿನಲ್ಲಿ, ಅಂದರೆ ದೀಪಾವಳಿಯ ಆಸುಪಾಸಿನಿಂದ ಮಾರ್ಚ್‌ವರೆಗೆ, ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಬಸ್ಸು ತೆವಳುತ್ತದೆ. ಒಂದು ಟನ್ ಕಬ್ಬು ಅರೆದರೆ ಸುಮಾರು 100 ಕಿಲೋ ಸಕ್ಕರೆ ಸಿಗುತ್ತದೆ, ಜೊತೆಗೆ 40-45 ಕಿಲೋ ಕಾಕಂಬಿ. ಈ ಕಪ್ಪು ಪಾಕವೂ ‘ಕ’ವೇ, ಆದರೆ ಇಲ್ಲಿಗೆ ದಾರಿ ಕವಲೊಡೆಯುತ್ತದೆ. ಕಾಕಂಬಿಯನ್ನು ಹುದುಗಿಸಿ ಬಟ್ಟಿ ಇಳಿಸಿದರೆ ಮದ್ಯಸಾರ. ಅದು ಸೀಸೆಗೂ ಹೋಗುತ್ತದೆ, ಪೆಟ್ರೋಲಿಗೂ ಹೋಗುತ್ತದೆ. ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಮದ್ಯಸಾರ ಮನುಷ್ಯನ ಹೊಟ್ಟೆಗಿಂತ ಗಾಡಿಯ ಟ್ಯಾಂಕಿಗೆ ಹೋಗುವುದೇ ಮೇಲು ಎಂದು ನನಗನ್ನಿಸುತ್ತದೆ.

ಆದರೆ ಹುದುಗಲು ಕಾರ್ಖಾನೆಯೇ ಬೇಕೆಂದಿಲ್ಲ ಎಂಬುದನ್ನು ಗೃಹಿಣಿಯರು ಮುಖ್ಯವಾಗಿ ತಿಳಿದಿರಬೇಕು. ಕಬ್ಬಿನ ಸಿಪ್ಪೆಯ ಮೇಲೆ ಸಹಜವಾಗಿಯೇ ಯೀಸ್ಟ್ ಇರುತ್ತದೆ. ಹಿಂಡಿದ ರಸ ಸ್ವಲ್ಪ ಹೊತ್ತಿಗೆಲ್ಲ ಕಂದಾಗುತ್ತದೆ, ಬಿಸಿಲಿನಲ್ಲಿ ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ಈಚೆಗೆ ರಮಝಾನ್ ಫೆಬ್ರವರಿ-ಮಾರ್ಚ್‌ನಲ್ಲಿ, ಅಂದರೆ ಕಬ್ಬಿನ ಹಂಗಾಮಿನಲ್ಲೇ ಬರುತ್ತಿದೆ. ಇಫ್ತಾರಿಗೆಂದು ಮಧ್ಯಾಹ್ನವೇ ಕಬ್ಬಿನ ಹಾಲು ತಂದು ಕ್ಯಾನಿನಲ್ಲಿ ಇಡಬೇಡಿ. ಅಸ್ರ್ ನಮಾಝಿನ ನಂತರ ತಂದು ಫ್ರಿಜ್ಜಿನಲ್ಲಿಟ್ಟು ಮಗ್ರಿಬಿಗೆ ಕುಡಿಯಿರಿ. ಉಳಿದರೆ ಸಹರಿಗೆಂದು ಕಾಯಿಸಿಡುವ ಲೋಭ ಬೇಡ. ನೊರೆ ಎದ್ದು, ಗುಳ್ಳೆ ಬಂದು, ಹುಳಿ ವಾಸನೆ ಹೊಡೆದರೆ ಚೆಲ್ಲಿ. ಎರಡು ಗ್ಲಾಸಿನ ಬೆಲೆ ದೊಡ್ಡದಲ್ಲ.

ಇದೇ ಕಾರಣಕ್ಕೆ ‘ಕ’ದ ಕೆಲವು ಹೆಸರುಗಳನ್ನು ನಾನು ಪಟ್ಟಿಯಿಂದ ಹೊರಗಿಟ್ಟಿದ್ದೇನೆ. ರಶ್ಯದ ‘ಕ್ವಾಸ್’ ರೊಟ್ಟಿಯನ್ನು ಹುದುಗಿಸಿ ಮಾಡುವಂಥದ್ದು. ಮಧ್ಯ ಏಷ್ಯಾದ ‘ಕುಮಿಸ್’ ಕುದುರೆಯ ಹಾಲಿನದ್ದು. ಈಗ ನಗರಗಳಲ್ಲಿ ಆರೋಗ್ಯದ ಹೆಸರಲ್ಲಿ ಮಾರಾಟವಾಗುವ ‘ಕೊಂಬುಚಾ’ ಹುದುಗಿಸಿದ ಚಹಾ. ಇವುಗಳಲ್ಲಿ ಅಲ್ಪವಾದರೂ ಮದ್ಯಸಾರ ಹುಟ್ಟುತ್ತದೆ. ಮೆತ್ತಗಿನ ಪಾನೀಯ ಎಂಬ ಮಾತ್ರಕ್ಕೆ ಕೊಳ್ಳದೆ, ಸೀಸೆಯ ಮೇಲಿನ ಚೀಟಿ ಓದಿ.

ಉಗಾರದಿಂದ ಪೂರ್ವಕ್ಕೆ ಅಥಣಿ. ಈ ತಾಲೂಕಿನಲ್ಲಿ ಕಬ್ಬಿನ ಜೊತೆ ದ್ರಾಕ್ಷಿಯೂ ಬೆಳೆಯುತ್ತದೆ. ಹಣ್ಣನ್ನು ನೆರಳಿನಲ್ಲಿ ಒಣಗಿಸಿ ಒಣದ್ರಾಕ್ಷಿ ಮಾಡುತ್ತಾರೆ. ಉರ್ದು ಮನೆಗಳಲ್ಲಿ ಅದು ಕಿಶ್‌ಮಿಶ್. ನಮ್ಮ ಪಟ್ಟಿಯ ಕೊನೆಯ ಹೆಸರು ಕಿಶ್‌ಮಿಶ್ ನೀರು. ಪ್ರವಾದಿಯವರಿಗಾಗಿ(ಸ) ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿಡುತ್ತಿದ್ದರೆಂದೂ ಅದನ್ನು ಆ ದಿನ, ಮರುದಿನ ಮತ್ತು ಮೂರನೆಯ ದಿನದ ಸಂಜೆಯವರೆಗೆ ಬಳಸಿ, ಉಳಿದದ್ದನ್ನು ಚೆಲ್ಲಿಬಿಡುತ್ತಿದ್ದರೆಂದೂ ಸಹೀಹ್ ಮುಸ್ಲಿಮ್‌ನ ವರದಿಯಿದೆ. ನಮ್ಮ ಕಡೆಯ ಬಿಸಿಲಿಗೆ ಮೂರು ದಿನವೂ ಹೆಚ್ಚೇ. ಒಂದು ಹಿಡಿ ಕಿಶ್‌ಮಿಶ್ ತೊಳೆದು, ಎರಡು ಗ್ಲಾಸು ನೀರಿನಲ್ಲಿ ಇಶಾ ನಮಾಝಿನ ನಂತರ ನೆನೆಸಿ, ಮುಚ್ಚಿಡಿ. ಬೆಳಿಗ್ಗೆ ಕಿವುಚಿ, ಸೋಸಿ, ಖಾಲಿ ಹೊಟ್ಟೆಗೆ ಕುಡಿಯಿರಿ. ಸಕ್ಕರೆ ಹಾಕುವ ಅಗತ್ಯವಿಲ್ಲ.