ರೊಟ್ಟಿ ಎಲ್ಲಿ ಸ್ವಾಮೀ?

ಸಿನಿಮಾದಲ್ಲಿ ಉತ್ತರ ಕರ್ನಾಟಕದವನು ಬಂದನೆಂದರೆ ಸಾಕು... ಗುದ್ದಿ ಒಡೆದ ಉಳ್ಳಾಗಡ್ಡಿ, ಖಡಕ್ ರೊಟ್ಟಿ! ನಾನೂ ಅದನ್ನೇ ನಂಬಿ ಯಾದಗಿರಿಯಲ್ಲಿ ರೈಲಿಳಿದೆ. ಸಿಕ್ಕಿದ್ದು ಸುಸಲಾ, ಮಿರ್ಚಿ. (ಮಿರ್ಚಿ ಮಾತ್ರ ಫಸ್ಟ್‌ಕ್ಲಾಸ್!) ಶಹಾಪುರದಲ್ಲಿ ಮಲಗಿದ ಬುದ್ಧನಂಥ ಗುಡ್ಡ ನೋಡಿ ಹೋಟೆಲಿಗೆ ನುಗ್ಗಿದರೆ ಇಡ್ಲಿ!

ಸುರಪುರದಾಚೆ, ಕಾಲುವೆ ಪಕ್ಕದ ಹಳ್ಳಿಯ ಗೆಳೆಯನ ಮನೆಯಲ್ಲಿ ತಾಟಿನ ತುಂಬ ಅನ್ನ. "ರೊಟ್ಟಿ?" ಎಂದೆ. ಅಜ್ಜಿ ನಕ್ಕಳು. "ಜ್ವಾಳ ಬಿತ್ತಾವ್ರು ಯಾರದಾರಪ್ಪಾ? ಈಗ ಕೊಂಡ ತಿನ್ನೂದು." 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದ ಮೇಲೆ ಕೃಷ್ಣೆ ಕಾಲುವೆಗಿಳಿದಳು, ಜೋಳದ ಎರೆಹೊಲ ಎಷ್ಟೋ ಕಡೆ ನೆಲ್ಲಿನ ಗದ್ದೆಯಾಯಿತು.

ರಾತ್ರಿ ಸಂತೆಯ ಹಿಟ್ಟಿನಲ್ಲಿ ಅಜ್ಜಿ ನಾಲ್ಕೇ ರೊಟ್ಟಿ ಬಡಿದಳು. ನಾಲ್ಕೂ ನನ್ನ ತಾಟಿಗೇ ಬಿದ್ದವು. ತಾನು ಅನ್ನ ಉಂಡಳು.