ಹಗ್ಗದ ಎರಡು ತುದಿ

ನಮ್ಮ ಮನೆಯಲ್ಲಿ ಒಂದು ನಾಯಿಯುಂಟು. ಅದರ ಹೆಸರು ಕಾಳಿ. ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾಗ ಅದಕ್ಕೆ ಯಾವುದೋ ಆಂಗ್ಲ ನಾಮಧೇಯವಿತ್ತು. ಅದು ನಮ್ಮ ನಾಲಗೆಗೆ ಒಗ್ಗದೆ ಹೋದುದರಿಂದ ನಾವೇ ಹೊಸದಾಗಿ ನಾಮಕರಣ ಮಾಡಿದೆವು. ಹೆಸರನ್ನು ಆರಿಸಿದ್ದು ಸುಮ್ಮನೆ ಅಲ್ಲ. ಮದ್ದೂರು ಸೀಮೆಯ ಆತಕೂರಿನಲ್ಲಿ ಕ್ರಿಸ್ತಶಕ 949-50ರ ಒಂದು ಶಿಲಾಶಾಸನವಿದ್ದಿತು. ಈಗ ಅದನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಗಂಗರ ಬೂತುಗನ ಬಳಿಯಲ್ಲಿದ್ದ ಮಣಲೇರನೆಂಬ ಶೂರನು, ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡೆಂದಾಗ ಹೊನ್ನನ್ನು ಬೇಡಲಿಲ್ಲ, ಕಾಳಿಯೆಂಬ ಬೇಟೆನಾಯಿಯನ್ನು ಬೇಡಿದನು. ಆ ನಾಯಿಯು ಒಂದು ಮಹಾ ವರಾಹದೊಡನೆ ಕಾದಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಚೆಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಪೂಜೆಗೂ ಏರ್ಪಾಡು ಮಾಡಿದರು. ನಾಯಿಗೆ ಇಷ್ಟು ಗೌರವ ಸಂದ ಊರು ಲೋಕದಲ್ಲಿ ಎಷ್ಟಿದ್ದೀತು!

ನಮ್ಮ ಕಾಳಿಯೂ ಆಕೃತಿಯಲ್ಲಿ ವೀರಾಂಗನೆಯೇ. ನೀಳವಾದ ಕಾಲು, ಒಳಸರಿದ ಹೊಟ್ಟೆ, ಚೂಪಾದ ಮೂತಿ; ಮುಧೋಳದ ಬೆರಕೆಯಿರಬಹುದೆಂದು ನೋಡಿದವರು ಹೇಳುತ್ತಾರೆ. ಮನೆಯೊಳಗೆ ಅದರಷ್ಟು ಸಾಧುವಾದ ಪ್ರಾಣಿ ಬೇರೊಂದಿಲ್ಲ. ನಾವು ಓದುತ್ತ ಕುಳಿತರೆ ಹೊಸ್ತಿಲಲ್ಲಿ ಮಲಗಿ, ವಿದ್ಯಾರ್ಥಿಯ ಐದು ಲಕ್ಷಣಗಳಲ್ಲಿ ಹಿರಿಯರು ಎಣಿಸಿರುವ ಆ ಶ್ವಾನನಿದ್ರೆಯನ್ನು ಅನುಷ್ಠಾನ ಮಾಡುತ್ತಿರುತ್ತದೆ. ಆದರೆ ಕೊರಳಪಟ್ಟಿಗೆ ಹಗ್ಗ ಸಿಕ್ಕಿಸಿ ಬೀದಿಗೆ ಹೊರಟೆವೋ, ಇನ್ನೊಂದು ನಾಯಿಯ ಬಾಲದ ತುದಿ ಕಂಡರೆ ಸಾಕು, ಎರಡು ಕಾಲ ಮೇಲೆ ಎದ್ದು, ಕಣ್ಣು ಕೆಂಪಗೆ ಮಾಡಿಕೊಂಡು, ಹಗ್ಗ ಹರಿಯುವಂತೆ ಹಾರಿ ಹಾರಿ ಬೊಗಳುತ್ತಿತ್ತು.

ನಮ್ಮ ಊರು ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯ ಮಗ್ಗುಲಲ್ಲಿದೆ. ಸುತ್ತಲೂ ತೆಂಗು. ತೋಟ ತೋಟಕ್ಕೂ ಒಂದು ನಾಯಿ. ಅದಕ್ಕೆ ಹಗ್ಗವಿಲ್ಲ, ಪಹಣಿಯಿಲ್ಲ, ಆದರೂ ತನ್ನ ಎಲ್ಲೆಯನ್ನು ಅದು ಶಾನುಭೋಗರಿಗಿಂತ ಚೆನ್ನಾಗಿ ಬಲ್ಲದು. ತೋಟಗಳ ನಡುವಣ ಓಣಿಯು ಒಂದು ಗಾಡಿ ಹಿಡಿಸುವಷ್ಟು ಅಗಲ, ಎರಡು ಕಡೆಯೂ ಬೇಲಿ. ಇಂಥ ಸೀಮೆಯಲ್ಲಿ ನಾಯಿಗೆ ಹಗ್ಗ ಕಟ್ಟಿ ಗಾಳಿಸಂಚಾರಕ್ಕೆ ಒಯ್ದ ಮೊದಲಿಗರು ಬಹುಶಃ ನಾವೇ. ಮೊದಮೊದಲು ಕಂಡವರೊಬ್ಬರು, “ಮೇಷ್ಟ್ರೇ, ದನ ಹೊಡೆದುಕೊಂಡು ಹೋಗುವವರನ್ನು ಕಂಡಿದ್ದೆವು. ಮೇಷ್ಟ್ರನ್ನೇ ಹೊಡೆದುಕೊಂಡು ಹೋಗುವ ನಾಯಿಯನ್ನು ಕಂಡಿರಲಿಲ್ಲ” ಎಂದರು. ನಾವೂ ನಕ್ಕೆವು. ನಿಜ ಹೇಳಬೇಕೆಂದರೆ, ಅದರ ಆರ್ಭಟವನ್ನು ಕಂಡು ಒಳಗೊಳಗೇ ಒಂದಿಷ್ಟು ಹೆಮ್ಮೆಯೂ ಆಗುತ್ತಿತ್ತು. ಹೆಸರಿಗೆ ತಕ್ಕ ನಾಯಿ ಎಂದುಕೊಂಡೆವು.

ಹೆಮ್ಮೆಯಿದ್ದರೂ ಶಿಸ್ತು ಬೇಡವೆ? ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಸಂಸ್ಕೃತ ಕಲಿಸಿದ ಕೈ ಇದು. ಕಾಳಿ ಬೊಗಳಿದಾಗಲೆಲ್ಲ ಗದರಿದೆವು, ಹಗ್ಗವನ್ನು ಜಗ್ಗಿದೆವು, ಒಂದು ದಿನ ಬೇಲಿಯಿಂದ ಲಕ್ಕಿಯ ಬರಲು ಮುರಿದು ಬೆನ್ನ ಮೇಲೆ ಎರಡು ಬಿಟ್ಟೆವು. ಫಲವೇನಾಯಿತೆಂದರೆ, ಮೊದಲು ಐವತ್ತು ಹೆಜ್ಜೆಯ ದೂರದಲ್ಲಿ ಬೊಗಳುತ್ತಿದ್ದುದು ನೂರು ಹೆಜ್ಜೆಗೇ ಆರಂಭಿಸಿತು. ಇನ್ನೊಂದು ಬದಲಾವಣೆಯೂ ಆಯಿತು. ಆಗ ಅದನ್ನು ಸುಧಾರಣೆಯೆಂದೇ ಬಗೆದೆವು. ಮೊದಲು ಹಾರುವುದಕ್ಕೆ ಮುಂಚೆ ಗುರುಗುಟ್ಟುತ್ತಿತ್ತು. ಗುರುಗುಟ್ಟಿದ್ದಕ್ಕೂ ಗದರಿಕೆ ಸಿಕ್ಕಿದ್ದರಿಂದ ಅದನ್ನು ಬಿಟ್ಟಿತು. ಎಚ್ಚರಿಕೆಯ ಗಂಟೆಯನ್ನು ನಾವೇ ಬಿಚ್ಚಿಟ್ಟೆವೆಂಬುದು ಹೊಳೆಯಲಿಲ್ಲ.

2025ರ ಕಾರ್ತಿಕಮಾಸದ ಒಂದು ಬೆಳಗ್ಗೆ ನಮ್ಮ ಗೃಹಿಣಿಯೂ ಜೊತೆಗೆ ಬಂದಿದ್ದರು. ಚಪ್ಪಲಿಗೆ ಸಿಕ್ಕಿದ ಮುಳ್ಳನ್ನು ತೆಗೆಯಲೆಂದು ನಾವು ಹಗ್ಗವನ್ನು ಅವರ ಕೈಗೆ ಕೊಟ್ಟೆವು. ಅದೇ ಕ್ಷಣದಲ್ಲಿ ಪಕ್ಕದ ತೋಟದ ಕೆಂಪನೆಂಬ ನಾಯಿ ಬೇಲಿಯ ಕಂಡಿಯಿಂದ ಹೊರಬಂದಿತು. ಕಾಳಿ ಸದ್ದಿಲ್ಲದೆ ಹಾರಿತು. ಹಗ್ಗ ತಡೆಯಿತು. ಕೆಂಪನು ಸಿಗಲಿಲ್ಲ, ಆ ಉನ್ಮಾದದಲ್ಲಿ ಹಿಂದಿರುಗಿ, ಕೈಗೆ ಸಿಕ್ಕಿದ ಮೀನಖಂಡಕ್ಕೆ ಬಾಯಿ ಹಾಕಿತು. ಅದು ಯಾರ ಕಾಲೆಂಬುದು ಅದಕ್ಕೆ ತಿಳಿದಿರಲಿಕ್ಕಿಲ್ಲ. ತಿಳಿದ ಕೂಡಲೇ ನೆಲಕ್ಕೆ ಅಂಟಿಕೊಂಡು ನಡುಗುತ್ತ ಕುಳಿತಿತು.

ಗಾಯವನ್ನು ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆದೆವು. ಕಾಳಿಗೆ ವರ್ಷ ವರ್ಷವೂ ರೋಗನಿರೋಧದ ಚುಚ್ಚುಮದ್ದು ಆಗಿದ್ದರೂ, ಉಪೇಕ್ಷೆ ಮಾಡದೆ ಅಂದೇ ಆಸ್ಪತ್ರೆಗೆ ಹೋಗಿ ಗೃಹಿಣಿಗೂ ಲಸಿಕೆ ಆರಂಭಿಸಿದೆವು. ಮನೆಯ ತಾಯಂದಿರು ಇದೊಂದನ್ನು ಮರೆಯಬಾರದು: ಹುಚ್ಚುನಾಯಿಯ ರೋಗವು ಲಕ್ಷಣ ತೋರಿಸಿದ ಮೇಲೆ ಉಳಿದವರು ಇಲ್ಲವೆಂಬಷ್ಟು ವಿರಳ. ಸುಣ್ಣ, ಅರಿಸಿನಗಳಿಂದ ಅದು ಹೋಗುವುದಲ್ಲ.

ಗಾಯ ಮಾಯಿತು, ಆದರೆ ಮನೆಯಲ್ಲಿ ಮಾತು ನಿಂತುಹೋಯಿತು. ಚಿಕ್ಕನಾಯಕನಹಳ್ಳಿಯ ಕಡೆ ನಮ್ಮ ಮಾವನವರ ತೋಟವಿದೆ. “ಕಳಿಸಿಬಿಡಿ, ಇಲ್ಲಿ ಕಟ್ಟಿಹಾಕುತ್ತೇವೆ, ಕಾವಲಿಗಾಯಿತು” ಎಂದು ಅಲ್ಲಿಂದ ಹೇಳಿಕಳುಹಿಸಿದರು. ತೋಟದಲ್ಲಿ ಕಟ್ಟಿಹಾಕುವುದೆಂದರೇನೆಂದು ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ತೆಂಗಿನ ಮರದ ಬುಡ, ಐದಡಿ ಸರಪಣಿ. ಆ ಸರಪಣಿ ಸುತ್ತುವಷ್ಟು ಜಾಗದಲ್ಲಿ ಹುಲ್ಲು ಸವೆದು ಬೋಳಾದ ಒಂದು ಮಂಡಲ. ನಾಯಿ ಸತ್ತು ಎರಡು ಮಳೆ ಕಳೆದರೂ ಆ ಮಂಡಲದಲ್ಲಿ ಗರಿಕೆ ಹುಟ್ಟದಿರುವುದನ್ನು ನಾವು ಕಂಡಿದ್ದೇವೆ. ಕಡೆಗೆ ಗೃಹಿಣಿಯೇ, “ಯುಗಾದಿಯವರೆಗೆ ನೋಡೋಣ. ಆಮೇಲೆ ಇಟ್ಟುಕೊಳ್ಳುವ ಮಾತು ಆಡಬೇಡಿ” ಎಂದರು. ಕಚ್ಚಿಸಿಕೊಂಡವರು ಅವರು, ಅವಧಿ ಗೊತ್ತುಮಾಡುವ ಅಧಿಕಾರವೂ ಅವರದೇ.

ಆ ವಾರದಲ್ಲಿಯೇ ನಮ್ಮ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಈಗ ಪಶುವೈದ್ಯನಾಗಿದ್ದಾನೆ. ಎಲ್ಲವನ್ನೂ ಕೇಳಿ, “ಬೊಗಳುವುದಕ್ಕೆ ಮುಂಚೆ ಕಾಳಿ ಏನು ಮಾಡುತ್ತದೆ, ಮೇಷ್ಟ್ರೇ?” ಎಂದನು. ನಾವು ನೋಡಿರಲಿಲ್ಲ. ಅವನೇ ಜೊತೆಗೆ ನಡೆದು ತೋರಿಸಿದನು: ಕಿವಿ ಹಿಂದಕ್ಕೆ ಮಲಗುತ್ತದೆ, ಬಾಯಿ ಮುಚ್ಚಿಕೊಳ್ಳುತ್ತದೆ, ನಾಲಗೆಯಿಂದ ಮೂಗನ್ನು ಒಮ್ಮೆ ನೆಕ್ಕುತ್ತದೆ, ಮೈ ಮರದಂತೆ ಸೆಟೆಯುತ್ತದೆ, ಆಮೇಲೆ ಹಾರಾಟ. “ಇದು ಶೌರ್ಯವಲ್ಲ, ಭಯ. ‘ನೀನು ಹತ್ತಿರ ಬರಬೇಡ’ ಎಂದು ಕೂಗುತ್ತಿದೆ, ಅಷ್ಟೆ.”

ಕಾರಣವನ್ನೂ ಹೇಳಿದನು. ನಾಯಿಮರಿಗೆ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಲೋಕಪರಿಚಯದ ಕಾಲ. ಆಗ ಕಂಡ ನಾಯಿ, ಜನ, ಗಾಡಿ, ಸದ್ದುಗಳು ನೆಂಟರಾಗುತ್ತವೆ. ಕಾಣದವು ಮುಂದೆ ಪರಕೀಯವಾಗಿಯೇ ಉಳಿಯುತ್ತವೆ. ಕಾಳಿ ಹುಟ್ಟಿದ್ದು 2020ರ ಬೇಸಗೆಯಲ್ಲಿ. ಕೊರೋನಾ ಮಾರಿಯ ದೆಸೆಯಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ಅದು ಬಹುಮಹಡಿಯ ಮನೆಯೊಂದರ ನಾಲ್ಕು ಗೋಡೆಗಳ ನಡುವೆ ಬೆಳೆಯಿತು. ಇನ್ನು ಹಗ್ಗದ ಮಾತು. ಬಿಟ್ಟ ನಾಯಿಗಳು ಎದುರಾದರೆ ನೇರವಾಗಿ ಮುಖಕ್ಕೆ ಮುಖ ಕೊಟ್ಟು ಬರುವುದಿಲ್ಲ. ಬಿಲ್ಲಿನಂತೆ ಬಾಗಿದ ದಾರಿ ಹಿಡಿದು, ನೆಲ ಮೂಸುತ್ತ, ಪಕ್ಕದಿಂದ ಸಮೀಪಿಸುತ್ತವೆ. ಅದು ಅವುಗಳ ನಮಸ್ಕಾರ. ಕಟ್ಟಿದ ನಾಯಿಗೆ ಬಾಗಿ ಬರುವ ಸ್ವಾತಂತ್ರ್ಯವಿಲ್ಲ, ಓಡಿಹೋಗುವ ಸ್ವಾತಂತ್ರ್ಯವಂತೂ ಇಲ್ಲವೇ ಇಲ್ಲ. ಅದರಲ್ಲಿಯೂ ನಮ್ಮ ಓಣಿಗಳಲ್ಲಿ ಬೇರೆ ದಾರಿಯೆಲ್ಲಿ? ಉಳಿದದ್ದು ಆರ್ಭಟವೊಂದೇ.

“ಸರಿಯಪ್ಪ, ನಾವೇನು ಮಾಡಬೇಕು?” ಎಂದೆವು. “ಮೊದಲು ನೀವು ಏನು ಮಾಡುತ್ತಿದ್ದೀರಿ ನೋಡಿ. ಕೆಂಪ ಕಂಡ ಕೂಡಲೇ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಿರಿ. ಆಗ ಕಾಳಿ ಅವನನ್ನು ಇನ್ನೂ ನೋಡಿರಲಿಲ್ಲ.” ಸ್ವಲ್ಪ ತಡೆದು, ನಗುತ್ತಲೇ ಹೇಳಿದನು: “ಮನೆಯಲ್ಲಿ ರಾಮಶಬ್ದವನ್ನು ಏಳು ವಿಭಕ್ತಿಯೂ ಒಪ್ಪಿಸುತ್ತಿದ್ದೆ, ಮೇಷ್ಟ್ರೇ. ಕರಿಹಲಗೆಯ ಮುಂದೆ ನಿಂತು ನಿಮ್ಮ ಹುಬ್ಬು ನೋಡಿದರೆ ತೃತೀಯೆಯ ಮುಂದೆ ಒಂದೂ ಬರುತ್ತಿರಲಿಲ್ಲ.”

ಆ ಹುಡುಗನ ಅಂಗೈ ನಮಗೆ ನೆನಪಿದೆ. ಅವನಿಗೂ ನೆನಪಿದ್ದಿರಬೇಕು, ಆ ಮಾತನ್ನು ಅವನು ಎತ್ತಲಿಲ್ಲ. ಪಾಣಿನಿಯು ಶ್ವನ್, ಯುವನ್, ಮಘವನ್ ಎಂಬ ಮೂರು ಶಬ್ದಗಳನ್ನು, ಎಂದರೆ ನಾಯಿ, ತರುಣ, ದೇವೇಂದ್ರ ಈ ಮೂವರನ್ನು, ಒಂದೇ ಸೂತ್ರದಲ್ಲಿ ಕೂರಿಸಿದ್ದಾನೆಂದು ಪಾಠಶಾಲೆಯಲ್ಲಿ ನಾವು ಬಹಳ ನಕ್ಕಿದ್ದೆವು. ಅಂದು ರಾತ್ರಿ ಅದು ಜ್ಞಾಪಕಕ್ಕೆ ಬಂದಿತು, ನಗೆ ಬರಲಿಲ್ಲ.

ಮಾರನೆಯ ದಿನದಿಂದ ಹೊಸ ಪಾಠ. ಕೊರಳಪಟ್ಟಿಯನ್ನು ಬಿಟ್ಟು ಎದೆಗೆ ಕಟ್ಟುವ ಪಟ್ಟಿ ತಂದೆವು. ಹಗ್ಗವು ಎಂಟು ಅಡಿ. ಅದು ನಡುವೆ ಜೋತುಬಿದ್ದಿರಬೇಕೆಂಬುದು ನಿಯಮ. ಓಣಿಯನ್ನು ಬಿಟ್ಟು, ಸ್ನೇಹಿತರೊಬ್ಬರ ತೋಟದೊಳಗೆ ನಡೆಯಲು ಅನುಮತಿ ಪಡೆದೆವು. ಅದರ ಆಚೆಯ ಬದಿ ಕೆಂಪನ ರಾಜ್ಯ. ತೆಂಗನ್ನು ಸುಮಾರು ಮೂವತ್ತು ಅಡಿಗೊಂದರಂತೆ ಸಾಲಾಗಿ ನೆಟ್ಟಿರುವುದರಿಂದ ದೂರವನ್ನು ಅಳೆಯಲು ಬೇರೆ ಉಪಕರಣ ಬೇಕಾಗಲಿಲ್ಲ. ನಾಲ್ಕು ಮರದ ಅಂತರದಲ್ಲಿ ಕೆಂಪನು ಕಂಡರೆ ಕಾಳಿ ತಿನ್ನುವುದನ್ನೇ ಬಿಡುತ್ತಿತ್ತು. ಆರು ಮರದ ಅಂತರದಲ್ಲಿ ನೋಡುತ್ತಿತ್ತು, ಕಿವಿ ನಿಮಿರಿಸುತ್ತಿತ್ತು, ಆದರೂ ಕೊಟ್ಟರೆ ತಿನ್ನುತ್ತಿತ್ತು. ತಿನ್ನಬಲ್ಲ ನಾಯಿ ಕಲಿಯಬಲ್ಲದು ಎಂದು ವೈದ್ಯನ ಮಾತು. ಆದಕಾರಣ ಆರು ಮರದಿಂದ ಪ್ರಾರಂಭ.

ಕೊಡುವುದು ಏನನ್ನು? ತಿಪಟೂರು ಸೀಮೆಯಲ್ಲಿ ಈ ಪ್ರಶ್ನೆಗೆ ಉತ್ತರ ಅಟ್ಟದ ಮೇಲೆಯೇ ಇದೆ. ಕೊಬ್ಬರಿಗೆ ಸೋಲದ ನಾಯಿಯನ್ನು ನಾವು ಈ ಕಡೆ ಕಂಡಿಲ್ಲ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಆ ವರ್ಷ ತಿಪಟೂರಿನ ಹರಾಜಿನಲ್ಲಿ ಧಾರಣೆಯು ಅದರ ಎರಡರಷ್ಟನ್ನು ದಾಟಿದ್ದೂ ಉಂಟು. ಅಂಥ ಕೊಬ್ಬರಿಯನ್ನು ನಾಯಿಗೆ ಹಾಕುವುದೇ ಎಂದು ನೆರೆಯವರು ಮೂಗಿನ ಮೇಲೆ ಬೆರಳಿಟ್ಟರು. ಆದರೆ ಹೆಚ್ಚು ಕೊಡಲು ವೈದ್ಯನೇ ಬಿಡಲಿಲ್ಲ: ಜಿಡ್ಡು ಹೆಚ್ಚಾದರೆ ನಾಯಿಯ ಹೊಟ್ಟೆ ಕೆಡುತ್ತದೆ, ಕಡಲೆಕಾಳಿನಷ್ಟು ಚೂರು, ದಿನಕ್ಕೆ ಹತ್ತೋ ಹನ್ನೆರಡೋ, ಸಾಕು. ಕೊಬ್ಬರಿಯ ಜೊತೆಗೆ ಒಣದ್ರಾಕ್ಷಿಯನ್ನು ಮಾತ್ರ ಕೂಡದೆಂದನು. ದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡಗಳೇ ಕೆಡಬಹುದಂತೆ. ಉಳಿದ ಚೂರುಗಳು ಬೇಯಿಸಿದ ಮೊಟ್ಟೆಯವು. ಅವು ನೆರೆಮನೆಯಲ್ಲಿ ಬೆಂದು ಬರುತ್ತಿದ್ದವು. ಆ ವಿಷಯವನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಮೊದಲನೆಯ ವಾರ ನಾವು ಒಂದು ತಪ್ಪು ಮಾಡಿದೆವು. ಕೆಂಪನು ದೂರದಲ್ಲಿ ಬರುವುದನ್ನು ನಾವು ಮೊದಲೇ ಕಂಡು, ಕಾಳಿಯ ಗಮನವನ್ನು ಸೆಳೆಯಲೆಂದು ಅವಸರದಿಂದ ಕೊಬ್ಬರಿ ಕೊಡುತ್ತಿದ್ದೆವು. ನಾಲ್ಕು ದಿನಗಳಲ್ಲಿ ಕೊಬ್ಬರಿಯ ಚೀಲಕ್ಕೆ ಕೈ ಹಾಕಿದರೆ ಸಾಕು, ಕಾಳಿ ಗಾಬರಿಯಿಂದ ಸುತ್ತಲೂ ಶತ್ರುವನ್ನು ಹುಡುಕಹತ್ತಿತು! ಕ್ರಮ ತಿರುವುಮುರುವಾಗಿತ್ತು. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರಷ್ಯದ ಪಾವ್ಲೋವ್ ಪಂಡಿತನು ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಓದಿದವರು ಬಲ್ಲರು: ಸೂಚನೆ ಮುಂದೆ, ಅನ್ನ ಹಿಂದೆ. ಹಾಗೆಯೇ ಕಾಳಿ ತಾನಾಗಿ ಕೆಂಪನನ್ನು ಕಾಣಬೇಕು, ಆಮೇಲೆ ಕೊಬ್ಬರಿ ಬರಬೇಕು. ಕೆಂಪನು ಮರೆಯಾದರೆ ಕೊಬ್ಬರಿಯೂ ನಿಲ್ಲಬೇಕು. ಹೀಗೆ ಮಾಡಿದಾಗ, ಮಾರ್ಗಶಿರದ ಕೊನೆಯ ಹೊತ್ತಿಗೆ, ಕಾಳಿ ಕೆಂಪನನ್ನು ನೋಡಿ ಕೂಡಲೇ ನಮ್ಮ ಮುಖವನ್ನು ನೋಡಲು ಕಲಿಯಿತು. ಭಯಂಕರನಾದ ಕೆಂಪನು ಕೊಬ್ಬರಿಯ ದೂತನಾದನು.

ಇದಕ್ಕಿಂತ ಕಷ್ಟವಾದದ್ದು ನಮ್ಮ ಕೈ. ಬಿಗಿಯಬಾರದೆಂದು ಎಷ್ಟು ಸಂಕಲ್ಪ ಮಾಡಿದರೂ ಕೆಂಪನ ಬಾಲ ಕಂಡೊಡನೆ ಮಣಿಕಟ್ಟು ತಾನಾಗಿ ತಿರುಗಿ ಹಗ್ಗವನ್ನು ಸುತ್ತಿಕೊಳ್ಳುತ್ತಿತ್ತು. ಆ ಬಿಗಿತವು ಹಗ್ಗದಲ್ಲಿ ಹರಿದು ಕಾಳಿಯ ಎದೆಗೆ ಮುಟ್ಟುತ್ತಿತ್ತು. ಕಡೆಗೆ ಒಂದು ಉಪಾಯ ಮಾಡಿದೆವು. ನಡೆಯುವಾಗ ರಾಮಶಬ್ದವನ್ನೇ ಮೆಲ್ಲನೆ ಹೇಳಿಕೊಳ್ಳುವುದು; ಎಲ್ಲಿ ತೊಡರುತ್ತೇವೆಯೋ ಅಲ್ಲಿ ಕೈ ಬಿಗಿದಿದೆಯೆಂದು ತಿಳಿಯುವುದು. ಮೂವತ್ತು ವರ್ಷ ಅದನ್ನು ಕಲಿಸಿದ ನಾವು, ಕೆಂಪನು ಮೂರು ಮರದ ಅಂತರಕ್ಕೆ ಬಂದ ದಿನ ಚತುರ್ಥಿಯ ದ್ವಿವಚನದಲ್ಲಿ ನಿಂತುಹೋದೆವು.

ನೇರವಾಗಿ ಏರಿದ ಮೆಟ್ಟಲೇನೂ ಇದಲ್ಲ. ಸಂಕ್ರಾಂತಿಯ ಮುನ್ನ ಆ ತೋಟದಲ್ಲಿ ಕಾಯಿ ಕೀಳಿಸುತ್ತಿದ್ದರು. ಮೇಲಿಂದ ಗೊನೆಗಳು ಧೊಪ್ಪನೆ ಬೀಳುತ್ತಿವೆ, ಆಳುಗಳ ಕೂಗಾಟ. ಆ ಗದ್ದಲದಲ್ಲಿ ಕೆಂಪನು ಎಲ್ಲೆ ಮೀರಿ ನಮ್ಮತ್ತ ಓಡಿಬಂದನು. ವೈದ್ಯನು ಹೇಳಿದ್ದುದು ಪುಣ್ಯವಶಾತ್ ನೆನಪಾಗಿ, ಚೀಲದಲ್ಲಿದ್ದುದನ್ನೆಲ್ಲ ಕೆಂಪನ ಮುಂದೆ ನೆಲಕ್ಕೆ ಚೆಲ್ಲಿ, ಕಾಳಿಯನ್ನು ತಿರುಗಿಸಿಕೊಂಡು ನಡೆದೆವು. ಅವನು ಹೆಕ್ಕಿ ತಿನ್ನುತ್ತ ನಿಂತನು. ಅಂದು ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಎರಡು ಮರದವರೆಗೆ ಬಂದಿದ್ದ ಲೆಕ್ಕವು ಮತ್ತೆ ಆರಕ್ಕೆ ಹೋಯಿತು. ನಾವು ಖಿನ್ನರಾಗಿ ಜಗುಲಿಯ ಮೇಲೆ ಕುಳಿತಿದ್ದಾಗ ಗೃಹಿಣಿಯು ಅಟ್ಟದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಬಳಿ ಕುಲುಕಿ ನೋಡುತ್ತಿದ್ದರು. ಒಳಗೆ ಉಂಡೆ ಬಿಟ್ಟು ಗಡಗಡ ಎಂದರೆ ಸುಲಿಯಲು. ನೀರು ಅಲುಗಿದ ಸದ್ದಾದರೆ ಮತ್ತೆ ಅಟ್ಟಕ್ಕೆ. “ಇದು ಇನ್ನೂ ಆಗಿಲ್ಲ” ಎಂದು ಒಂದನ್ನು ಹಿಂದಕ್ಕಿಟ್ಟರು. ಕಾಯಿಯ ವಿಷಯವೋ, ನಾಯಿಯ ವಿಷಯವೋ, ನಾವು ಕೇಳಲಿಲ್ಲ.

ಕಾಳಿಯು ಈಗಲೂ ಹೊಸ ನಾಯಿಯನ್ನು ಕಂಡರೆ ಅಂಜುತ್ತದೆ. ಪೇಟೆಯ ಬೀದಿಗೆ ಅದನ್ನು ಒಯ್ಯುವ ಸಾಹಸ ನಾವು ಮಾಡಿಲ್ಲ, ಮಾಡುವುದೂ ಇಲ್ಲ. ಹಬ್ಬದ ದಿನ ಎಣ್ಣೆ ಸ್ನಾನ, ಬೇವು ಬೆಲ್ಲ ಮುಗಿದು, ಎಂದಿನಂತೆ ನಾವು ಎದೆಪಟ್ಟಿ ಕಟ್ಟಿ ಹೊರಟೆವು. ಯುಗಾದಿಯ ಮಾತನ್ನು ಯಾರೂ ಎತ್ತಿರಲಿಲ್ಲ. ತೋಟದ ಬಾಗಿಲಲ್ಲಿ ಗೃಹಿಣಿಯು ಬಂದು ಕೂಡಿಕೊಂಡರು. ಕೆಂಪನು ಮೂರು ಮರದಾಚೆ ಒಣಗಿದ ಸೋಗೆಯ ಮೇಲೆ ಮಲಗಿದ್ದನು. ಕಾಳಿ ಅವನನ್ನು ನೋಡಿತು, ನಮ್ಮನ್ನು ನೋಡಿತು, ಕೊಬ್ಬರಿ ತಿಂದಿತು.

“ಕೊಡಿ ಇಲ್ಲಿ” ಎಂದು ಅವರು ಕೈ ಚಾಚಿದರು. ಕಾರ್ತಿಕದ ತರುವಾಯ ಅವರು ಹಗ್ಗ ಮುಟ್ಟಿದ್ದು ಅಂದೇ. ನಾವು ಚೀಲವನ್ನೂ ಕೊಟ್ಟು ನಾಲ್ಕು ಹೆಜ್ಜೆ ಹಿಂದೆ ನಡೆದೆವು. ಹಗ್ಗ ಜೋತುಬಿದ್ದಿತ್ತು. ನಮ್ಮ ಎರಡು ಕೈಗಳೂ ಬರಿದಾಗಿದ್ದರೂ ಬಿಗಿದೇ ಇದ್ದವು.

“ಮರ ಎಣಿಸುವುದನ್ನು ಮನಸ್ಸಿನಲ್ಲಿ ಎಣಿಸಿಕೊಳ್ಳಿ” ಎಂದರು ಅವರು, ತಿರುಗಿ ನೋಡದೆ, “ಅದಕ್ಕೆ ಕೇಳಿಸುತ್ತದೆ.”