ಹೂವಿಗೂ ಹಣ್ಣಿಗೂ ನಡುವೆ ಒಂದು ಮಳೆಗಾಲ

ಈ ಪುಟದ ತಲೆ ಮೇಲಿರೋ ಬ್ಯಾನರ್ ನೋಡಿದ್ರಲ್ಲ? ಅದನ್ನ ಮಾಡೋಕೆ ನಮಗೆ ಹನ್ನೊಂದು ರಾತ್ರಿ ಹಿಡೀತು. ಇಂಟರ್ನಲ್ಸ್‌ಗೂ ನಾವು ಇಷ್ಟು ನಿದ್ದೆಗೆಟ್ಟಿಲ್ಲ.

ನಾವು ಅಂದ್ರೆ ಮೂವರು. ಒಬ್ಬಳು ಮೂಡಿಗೆರೆಯವಳು, ಒಬ್ಬ ಕಳಸದವ, ಇನ್ನೊಬ್ಬ ಚಿಕ್ಕಮಗಳೂರು ಪೇಟೆಯವ. ಈ ಸಲದ ಸಂಚಿಕೆ ಮಲೆನಾಡಿನ ಮೇಲೆ ಅಂತ ಸಂಘದಲ್ಲಿ ತೀರ್ಮಾನ ಆದಾಗ, ಬ್ಯಾನರ್ ನಮ್ಮ ತಲೆಗೇ ಬಂತು. ಕೈಯಲ್ಲಿ ನಾಲ್ಕು ಫೋಟೋ ಇತ್ತು: ಮುಳ್ಳಯ್ಯನಗಿರಿಯ ಸೂರ್ಯೋದಯ, ಮಾರ್ಚ್‌ನಲ್ಲಿ ತೆಗೆದ ಬಿಳಿ ಕಾಫಿ ಹೂವು, ಡಿಸೆಂಬರ್‌ನ ಕೆಂಪು ಹಣ್ಣು, ಮತ್ತೆ ಕಳಸದವನ ಫೋನಲ್ಲಿದ್ದ ಒಂದು ಮಬ್ಬು ಚಿತ್ರ. ಭದ್ರಾ ತುಂಬಿ ಹಳೆಯ ಹೆಬ್ಬಾಳೆ ಸೇತುವೆ ಮುಳುಗಿದ ದಿನದ್ದು. ಮಬ್ಬಾಗಿದೆ, ಬಣ್ಣವೇ ಇಲ್ಲ ಅಂತ ಅದನ್ನ ಮೊದಲೇ ಪಕ್ಕಕ್ಕಿಟ್ಟೆವು. ಅವನು ಏನೂ ಹೇಳಲಿಲ್ಲ.

ಉಳಿದ ಮೂರನ್ನ ಜಿಂಪ್‌ನಲ್ಲಿ ಪಕ್ಕಪಕ್ಕ ಇಟ್ಟು, ಲೇಯರ್ ಮಾಸ್ಕ್ ಹಾಕಿ, ಮೇಲೆ ಗ್ರೇಡಿಯಂಟ್ ಎಳೆದೆವು. ಮಾಸ್ಕ್‌ನಲ್ಲಿ ಬಿಳಿ ಇದ್ದಲ್ಲಿ ಚಿತ್ರ ಕಾಣುತ್ತೆ, ಕಪ್ಪು ಇದ್ದಲ್ಲಿ ಮಾಯ, ಬೂದು ಇದ್ದಲ್ಲಿ ಅರ್ಧಂಬರ್ಧ. ಕೇಳೋಕೆ ಸುಲಭ. ಗ್ರೇಡಿಯಂಟ್ ಕಿರಿದಾದ್ರೆ ಹರಿದ ಲುಂಗಿಗೆ ತೇಪೆ ಹಾಕಿದ ಹಾಗೆ ಹೊಲಿಗೆ ಎದ್ದು ಕಾಣ್ತಿತ್ತು. ಅಗಲ ಮಾಡಿದ್ರೆ ಬೆಟ್ಟದ ಮೈಮೇಲೆ ಹೂವಿನ ದೆವ್ವ ಓಡಾಡ್ತಿತ್ತು.

ದಾರಿ ಸಿಕ್ಕಿದ್ದು 1983ರ ಒಂದು ಪೇಪರ್‌ನಲ್ಲಿ. ಬರ್ಟ್ ಮತ್ತು ಏಡೆಲ್ಸನ್ ಬರೆದದ್ದು. ಓಪನ್‌ಸಿವಿ ಕಲಿತವರಿಗೆ ಗೊತ್ತಿರುತ್ತೆ, ಅರ್ಧ ಸೇಬು, ಅರ್ಧ ಕಿತ್ತಳೆ ಸೇರಿಸೋ ಆ ಪಾಠದ ಮೂಲ ಅದೇ. ಚಿತ್ರವನ್ನ ಪದರ ಪದರವಾಗಿ ಬಿಡಿಸಬೇಕು. ಬೆಳಕು, ನೆರಳು, ಆಕಾಶದ ಬಣ್ಣದಂಥ ನಿಧಾನಕ್ಕೆ ಬದಲಾಗೋ ಸಂಗತಿಗಳನ್ನ ಅಗಲವಾಗಿ ಬೆರೆಸಬೇಕು. ಎಲೆಯ ಅಂಚು, ಹೂವಿನ ಎಸಳಿನಂಥ ಸೂಕ್ಷ್ಮಗಳನ್ನ ಕಿರಿದಾಗಿ ಬೆರೆಸಬೇಕು. ಆಮೇಲೆ ಎಲ್ಲ ಪದರ ಕೂಡಿಸಬೇಕು. ಸಿಗ್ನಲ್ಸ್ ಕ್ಲಾಸಲ್ಲಿ ತೂಕಡಿಸುತ್ತಾ ಕೇಳಿದ ಫ್ರೀಕ್ವೆನ್ಸಿಗೆ ಇಂಥದ್ದೊಂದು ಉಪಯೋಗ ಇದೆ ಅಂತ ಆವತ್ತು ಗೊತ್ತಾಯ್ತು.

ಎಂಟನೇ ರಾತ್ರಿ ಬ್ಯಾನರ್ ರೆಡಿ. ಹಿಂದೆ ಗಿರಿ, ಮುಂದೆ ಒಂದೇ ಗಿಡದಲ್ಲಿ ಬಿಳಿ ಹೂವು, ಕೆಂಪು ಹಣ್ಣು. ಹೊಲಿಗೆ ಎಲ್ಲಿದೆ ಅಂತ ನಮಗೇ ಕಾಣ್ತಿರಲಿಲ್ಲ. ಮೂಡಿಗೆರೆಯವಳು ಖುಷಿಯಲ್ಲಿ ಅಪ್ಪನಿಗೆ ವಾಟ್ಸಾಪ್ ಮಾಡಿದಳು. ಎರಡೇ ನಿಮಿಷದಲ್ಲಿ ಫೋನ್ ಬಂತು.

"ಎಂತ ಪುಟ್ಟಿ ಇದು, ಜನವರಿ ಮಳೆ ಬಂದ ವರ್ಷದ ಫೋಟೋನಾ?"

"ಅಲ್ಲ ಅಪ್ಪಾ, ನಾವೇ ಜೋಡಿಸಿದ್ದು. ಚೆನ್ನಾಗಿಲ್ವಾ?"

"ಚೆಂದ ಉಂಟು. ಆದ್ರೆ ತೋಟದಲ್ಲಿ ಹೀಗೆ ಕಂಡ ವರ್ಷ ನಮಗೆ ನಿದ್ದೆ ಇರ್ಲಿಲ್ಲ."

ಫೋನ್ ಸ್ಪೀಕರ್‌ನಲ್ಲಿತ್ತು. ಯಾರೂ ಮಾತಾಡಲಿಲ್ಲ.

ಕಾಫಿ ಗಿಡ ಹೂ ಬಿಡೋದು ಸಾಮಾನ್ಯವಾಗಿ ಮಾರ್ಚ್-ಏಪ್ರಿಲ್‌ನ ಹೂಮಳೆ ಬಿದ್ದ ಮೇಲೆ. ಆ ಹೂವು ಕಾಯಾಗಿ, ಹಣ್ಣಾಗೋಕೆ ಅರೇಬಿಕಾಗೆ ಎಂಟೊಂಬತ್ತು ತಿಂಗಳು, ರೋಬಸ್ಟಾಗೆ ಹತ್ತು-ಹನ್ನೊಂದು ತಿಂಗಳು ಬೇಕು. ಅಷ್ಟರಲ್ಲಿ ಕೊಯ್ಲು ಮುಗಿದು ಗಿಡ ಖಾಲಿಯಾಗಿ, ಮುಂದಿನ ಹೂವಿಗೆ ಕಾಯ್ತಿರಬೇಕು. 2021ರ ಜನವರಿಯಲ್ಲಿ ಬಂದ ಹಾಗೆ ಕೊಯ್ಲಿನ ನಡುವೆಯೇ ಮಳೆ ಸುರಿದರೆ ಹಣ್ಣು ನೆಲಕ್ಕೆ ಉದುರುತ್ತೆ, ಕಣದಲ್ಲಿ ಹರವಿದ್ದು ಒಣಗದೆ ಬೂಷ್ಟು ಹಿಡಿಯುತ್ತೆ. ಹಣ್ಣಿರೋ ಗಿಡದಲ್ಲೇ ಹೂವೂ ಅರಳುತ್ತೆ. ಹಣ್ಣು ಕೊಯ್ಯೋಕೆ ಕೈ ಹಾಕಿದ್ರೆ ಹೂವು ಉದುರುತ್ತೆ, ಬಿಟ್ಟರೆ ಹಣ್ಣು ಹಾಳು. ಒಂದು ಮಳೆಗೆ ಎರಡು ವರ್ಷದ ಫಸಲಿಗೆ ಪೆಟ್ಟು. ನಾವು ಎಂಟು ರಾತ್ರಿ ಕೂತು ಅಷ್ಟು ನಯವಾಗಿ ಮಾಡಿದ್ದು ಅದರ ಚಿತ್ರವನ್ನ. ತೋಟದಲ್ಲೇ ಬೆಳೆದವಳಿಗೂ ಅದು ಹೊಳೆದಿರಲಿಲ್ಲ. "ನಾನು ಪಿಕ್ಸೆಲ್ ನೋಡ್ತಿದ್ದೆ ಕಣ್ರೋ" ಅಂದಳು.

ಆಗ ಕಳಸದವ ಬಾಯಿಬಿಟ್ಟ: "ನನ್ನ ಫೋಟೋನ ಮಧ್ಯ ಹಾಕಿ ನೋಡಿ. ಹೂವಿನಿಂದ ಹಣ್ಣಿಗೆ ಹೋಗೋಕೆ ಮಳೆಗಾಲ ದಾಟಲೇಬೇಕಲ್ಲ."

ಹಾಕಿದೆವು. ಎಡಗಡೆ ಮಾರ್ಚ್‌ನ ಹೂವು, ನಡುವೆ ಉಕ್ಕುವ ಭದ್ರೆ, ಆಮೇಲೆ ಹಣ್ಣು, ಕೊನೆಗೆ ಜನವರಿಯ ಗಿರಿ. ಆಶ್ಚರ್ಯ ಅಂದ್ರೆ, ಹೊಲಿಗೆಯೂ ಸಲೀಸಾಯ್ತು. ಬಣ್ಣವೇ ಇಲ್ಲ ಅಂತ ನಾವು ಬಿಟ್ಟಿದ್ದ ಚಿತ್ರ ಎರಡೂ ಕಡೆಯ ಬಣ್ಣಕ್ಕೆ ಜಗಳವಿಲ್ಲದೆ ಹೊಂದಿಕೊಂಡಿತು. ಆ ಬೂದು ಮಳೆಯೊಳಗೆ ಬಿಳಿಯೂ ಕರಗಿತು, ಕೆಂಪೂ ಕರಗಿತು.

ಇನ್ನೊಂದು ಮಾತು. ನೀವು ಇದನ್ನ ಮೊಬೈಲ್‌ನಲ್ಲಿ ಓದ್ತಿದ್ರೆ ಬ್ಯಾನರ್‌ನ ಎರಡೂ ತುದಿ ಕತ್ತರಿಸಿ ಹೋಗಿ, ನಡುಭಾಗ ಮಾತ್ರ ಕಾಣುತ್ತೆ. ಹೂವೂ ಇಲ್ಲ, ಗಿರಿಯೂ ಇಲ್ಲ, ಬರೀ ಮಳೆ, ಮುಳುಗಿದ ಸೇತುವೆ, ಈಚೆ ದಡದಲ್ಲಿ ಕೊಡೆ ಹಿಡಿದು ಕಾಯ್ತಿರೋ ನಾಲ್ಕು ಜನ. ಸರಿಮಾಡೋಣ ಅಂತ ಮೊದಲು ಅಂದುಕೊಂಡೆವು. ಆಮೇಲೆ ಹಾಗೇ ಬಿಟ್ಟೆವು.